ಸೇವೆಯಲ್ಲಿ ದೀನತೆ: ‘ಎಣಿಸು’ ಎಂಬಲ್ಲಿ ಎಡವಿದವರಿಗೆ ಟಿಪ್ಪಣಿ

ಸೇವೆಯಲ್ಲಿ ದೀನತೆ ಎಂಬ ವಿಷಯಕ್ಕೆ ಬೈಬಲಿನಲ್ಲಿ ಮುಖ್ಯವಾಗಿ ಓದಬೇಕಾದ ಭಾಗಗಳು ನಾಲ್ಕೇ: ಫಿಲಿಪ್ಪಿ 2:1–11, ಯೋಹಾನ 13:1–17, ಲೂಕ 17:7–10, ಕೊಲೊಸ್ಸೆ 2:18–23. ಜಂಬ ಕೆಟ್ಟದ್ದು, ವಿನಯ ಒಳ್ಳೆಯದು ಅನ್ನುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ತೊಡಕಿರುವಲ್ಲಿಗೇ ಹೋಗೋಣ.

‘ಎಣಿಸು’

ದೀನಭಾವದಿಂದ ಮತ್ತೊಬ್ಬರನ್ನು ನಮಗಿಂತ ಶ್ರೇಷ್ಠರೆಂದು ಎಣಿಸಬೇಕು ಅನ್ನುತ್ತದೆ ಫಿಲಿಪ್ಪಿ 2:3. ಎಡವುವುದು ಇಲ್ಲೇ. ಇಪ್ಪತ್ತು ವರ್ಷ ಆರಾಧನೆಯಲ್ಲಿ ಹಾರ್ಮೋನಿಯಂ ನುಡಿಸಿದವರು, ಕಳೆದ ವಾರ ಕಲಿಯಲು ಕೂತ ಹುಡುಗ ತಮಗಿಂತ ಚೆನ್ನಾಗಿ ನುಡಿಸುತ್ತಾನೆ ಎಂದು ನಂಬಬೇಕೆ? ನಂಬಿದರೆ ಸುಳ್ಳು, ನಂಬದಿದ್ದರೆ ಜಂಬ. ಹೀಗೆ ಓದಿದರೆ ಹೊರಬರಲು ದಾರಿಯೇ ಇಲ್ಲ.

ಗಂಟು ಬಿಡಿಸುವುದು ಕ್ರಿಯಾಪದ. ಗ್ರೀಕ್ ಮೂಲದಲ್ಲಿ ಇಲ್ಲಿರುವುದು ‘ಹೇಗೆಯೊಮಾಯ್’. ಮೂರೇ ವಚನ ದಾಟಿದರೆ, 6ರಲ್ಲಿ, ಅದೇ ಪದ ಮತ್ತೆ ಸಿಗುತ್ತದೆ: ದೇವರಿಗೆ ಸಮನಾಗಿರುವುದನ್ನು ಯೇಸು ಬಿಡಲಾಗದ ಸೊತ್ತೆಂದು ಎಣಿಸಲಿಲ್ಲ. ಈಗ ಕೇಳಿಕೊಳ್ಳಿ, ತಾನು ಸಮನಲ್ಲ ಎಂದು ಯೇಸು ಭಾವಿಸಿದನೆ? ಇಲ್ಲ. ಸಮಾನತೆ ಇದ್ದ ಹಾಗೇ ಇತ್ತು. ಅದನ್ನು ಯಾರ ಸಲುವಾಗಿ ಖರ್ಚು ಮಾಡುವುದು ಎಂಬ ಲೆಕ್ಕ ಮಾತ್ರ ಬೇರೆಯಾಯಿತು. 3:7–8ರಲ್ಲಿ, ಈ ಪತ್ರ ಬರೆದ ಪೌಲ ಇದೇ ಪದವನ್ನು ಹಿಡಿದು ಲಾಭದ ಬಾಬನ್ನು ನಷ್ಟದ ಕಡೆಗೆ ಬರೆದುಕೊಳ್ಳುತ್ತಾನೆ. ಅಲ್ಲಂತೂ ಅದು ಅಪ್ಪಟ ಲೆಕ್ಕದ ಪುಸ್ತಕದ ಮಾತು.

ನಮ್ಮ ಅದೃಷ್ಟ, ಕನ್ನಡದ ‘ಎಣಿಸು’ಗೂ ಈ ಎರಡು ಮುಖ ಇವೆ: ಭಾವಿಸು, ಲೆಕ್ಕ ಹಾಕು. ವಚನ 3ನ್ನು ಎರಡನೆಯದರ ಕಡೆ ವಾಲಿಸಿ ಓದಿ. ವಚನ 4 ಅದನ್ನೇ ಬಿಡಿಸಿ ಹೇಳುತ್ತದೆ, ಪರರ ಹಿತವನ್ನೂ ನೋಡಿರಿ ಎಂದು. ಆಗ ಹಾರ್ಮೋನಿಯಂ ಪ್ರಶ್ನೆ ಸಲೀಸು. ಯಾರು ಚೆನ್ನಾಗಿ ನುಡಿಸುತ್ತಾರೆ ಎಂಬುದಕ್ಕೆ ಸತ್ಯವಾದ ಉತ್ತರ ಹಾಗೇ ಇರಲಿ. ಈ ಭಾನುವಾರ ಯಾರ ಕಲಿಕೆಗೆ ಜಾಗ ಬೇಕು ಎಂಬುದನ್ನು ಲೆಕ್ಕದ ಮೊದಲ ಸಾಲಿಗೆ ಬರೆಯಿರಿ. ನಿಮ್ಮ ಬಗ್ಗೆ ನಿಮಗಿರುವ ಅಂದಾಜು ಇಳಿಯಬೇಕಾಗಿಲ್ಲ.

‘ದೀನ’ ಎಂಬ ಪದದ ವಿಷಯ ಇಷ್ಟು ಸಾಕು: ಅದರ ಗ್ರೀಕ್ ಮೂಲ ‘ಟಪೆಯ್ನೊಸ್’ ಅಂದರೆ ತಗ್ಗಿನಲ್ಲಿರುವವನು, ಗ್ರೀಕರ ಬಾಯಲ್ಲಿ ಬಹುಮಟ್ಟಿಗೆ ಹೀನಾಯದ ಮಾತು. ಕನ್ನಡದಲ್ಲಿ ದೀನತೆಯ ಪಕ್ಕದಲ್ಲೇ ದೈನ್ಯ ಕೂತಿರುವುದರಿಂದ ನಮಗೂ ಅದೇ ಗೊಂದಲ.

ಕಾಲಿಗೆ ನೀರು

ಯೇಸು ಶಿಷ್ಯರ ಕಾಲು ತೊಳೆಯುವ ಯೋಹಾನ 13 ಮಲೆನಾಡಿನವರಿಗೆ ಬೇಗ ಹತ್ತಬೇಕು, ಆದರೆ ಬೇಗ ಹತ್ತುವುದೇ ತೊಂದರೆ. ಮಳೆಗಾಲದಲ್ಲಿ ಕೆಸರಂಗಳ ದಾಟಿ ಬಂದವರಿಗೆ ಜಗಲಿ ಹತ್ತುವ ಮುಂಚೆ ಚೊಂಬಿನಲ್ಲಿ ಕಾಲಿಗೆ ನೀರು ಕೊಡುವುದು ರೂಢಿ. ಯೇಸು ಮಾಡಿದ್ದೂ ಅದೇ ಉಪಚಾರ ಎಂದುಕೊಂಡುಬಿಡುತ್ತೇವೆ. ಅಲ್ಲ. ಮೂರು ಮೆಟ್ಟಿಲು ಬೇರೆ ಮಾಡಿಕೊಳ್ಳಿ. ನೀರು ಕೊಡುವುದು ಮನೆಯವರ ಮರ್ಯಾದೆ. ಆದಿಕಾಂಡ 18:4ರಲ್ಲಿ ಅಬ್ರಹಾಮ ನೀರು ತರಿಸುವುದು, ಲೂಕ 7:44ರಲ್ಲಿ ಫರಿಸಾಯ ಸೀಮೋನ ಕೊಡದೆ ಬಿಡುವುದು ಇದನ್ನೇ. ತನ್ನ ಕಾಲು ತಾನೇ ತೊಳೆದುಕೊಳ್ಳುವುದು ಅತಿಥಿಯ ಪಾಲು. ಇನ್ನೊಬ್ಬರ ಕಾಲನ್ನು ತೊಳೆಯುವುದು ಆಳಿನ ಕೆಲಸ. 1 ಸಮುವೇಲ 25:41ರಲ್ಲಿ ಅಬೀಗೈಲಳು ತನ್ನನ್ನು ದಾಸಿ ಎಂದುಕೊಳ್ಳುವಾಗ ಹೆಸರಿಸುವುದು ಅದನ್ನೇ. ಯೇಸು ನಿಂತದ್ದು ಈ ಮೂರನೆಯದರಲ್ಲಿ, ಅದೂ ಊಟದ ನಡುವೆ ಎದ್ದು.

4–5ರ ಕ್ರಿಯೆಗಳನ್ನು ಬೆರಳು ಮಡಿಸಿ ಎಣಿಸಿ: ಎದ್ದ, ಮೇಲುಬಟ್ಟೆ ತೆಗೆದಿಟ್ಟ, ಟವೆಲ್ ತೆಗೆದುಕೊಂಡ, ಸೊಂಟಕ್ಕೆ ಕಟ್ಟಿಕೊಂಡ, ಬೋಗುಣಿಗೆ ನೀರು ಹೊಯ್ದ, ತೊಳೆದ, ಒರೆಸಿದ. ಏಳು. ಬಟ್ಟೆ ‘ತೆಗೆದಿಟ್ಟು’ ಮತ್ತೆ ‘ತೆಗೆದುಕೊಂಡ’ (ವಚನ 12) ಎಂಬಲ್ಲಿರುವ ಜೋಡಿ ಗ್ರೀಕ್ ಕ್ರಿಯಾಪದಗಳೇ 10:17–18ರಲ್ಲಿ ಪ್ರಾಣ ಕೊಟ್ಟು ಮತ್ತೆ ಪಡೆದುಕೊಳ್ಳುವುದಕ್ಕೂ ಬಂದಿವೆ. ಇದನ್ನು ಪಕ್ಕದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಏಳಕ್ಕೂ ಮೊದಲಿನ ವಚನ 3ನ್ನು ಹಾರಿಸಬೇಡಿ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆಂದು ತಿಳಿದೇ ಯೇಸು ಏಳುತ್ತಾನೆ. ಮುಗಿದ ಮೇಲೂ ‘ಗುರು, ಕರ್ತ’ ಎಂಬ ಹೆಸರುಗಳನ್ನು ಬೇಡವೆನ್ನುವುದಿಲ್ಲ, ನೀವು ಕರೆಯುವುದು ಸರಿ ಅನ್ನುತ್ತಾನೆ (ವಚನ 13). ‘ಅಯ್ಯೋ, ನಾನೇನೂ ಅಲ್ಲ’ ಎಂದು ಹಲ್ಲುಗಿಂಜುವ ವಿನಯ ಈ ಅಧ್ಯಾಯದಲ್ಲಿ ಎಲ್ಲೂ ಸಿಗದು.

ಶಿಷ್ಯ ಪೇತ್ರನ ತಪ್ಪು ಎರಡು. ಮೊದಲು ತೊಳೆಸಿಕೊಳ್ಳುವುದೇ ಇಲ್ಲ ಅನ್ನುತ್ತಾನೆ. ಆಮೇಲೆ ಕೈ, ತಲೆ ಎಲ್ಲ ತೊಳೆ ಅನ್ನುತ್ತಾನೆ. ಎರಡರಲ್ಲೂ ಎಷ್ಟು ಎಂಬುದನ್ನು ತಾನೇ ಗೊತ್ತುಮಾಡುವ ಹಟ. ಸೇವೆ ಮಾಡಲು ಓಡಿಬಂದು, ಸೇವೆ ಪಡೆಯಲು ಮುಜುಗರಪಡುವವರು ಇಲ್ಲಿ ತುಸು ನಿಲ್ಲಲಿ.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಕಾಲು ತೊಳೆಯುವ ವಿಧಿಗೆ ತಯಾರಿ ಮಾಡುವವರಿಗೆ: ಒಂದೇ ಬೋಗುಣಿಯ ನೀರಿನಲ್ಲಿ ಎಲ್ಲರ ಕಾಲು ಅದ್ದಿಸಬೇಡಿ. ಬೋಗುಣಿಯ ಮೇಲೆ ಕಾಲು ಹಿಡಿದು ಹೂಜಿಯಿಂದ ಉಗುರುಬೆಚ್ಚಗಿನ ನೀರು ಹೊಯ್ಯಿರಿ. ಒಬ್ಬೊಬ್ಬರಿಗೆ ಒಂದೊಂದು ಟವೆಲ್, ಹನ್ನೆರಡು ಜನರಿದ್ದರೆ ಹನ್ನೆರಡು. ತೊಳೆಯುವವರು ಬಗ್ಗುವುದಲ್ಲ, ಮಂಡಿಯೂರಬೇಕು. ಬಗ್ಗಿದರೆ ಮೂರನೆಯವರ ಹೊತ್ತಿಗೆ ಸೊಂಟ ಹಿಡಿದು ಕೆಲಸ ಅವಸರದ್ದಾಗುತ್ತದೆ. ಕೆಡುವುದು ಹೆಚ್ಚಾಗಿ ಆಯ್ಕೆಯಲ್ಲಿ: ಸಮಿತಿಯವರು, ದೇಣಿಗೆ ಕೊಟ್ಟವರು ಮಾತ್ರ ಕುರ್ಚಿಯಲ್ಲಿ ಕೂರುತ್ತಾರೆ. ಕಥೋಲಿಕ ಸಭೆಯ ಪೂಜಾವಿಧಿಯಲ್ಲಿ ‘ಪುರುಷರು’ ಎಂದೇ ಇದ್ದ ನಿಯಮವನ್ನು 2016ರಲ್ಲಿ ಪೋಪ್ ಫ್ರಾನ್ಸಿಸ್ ಬದಲಿಸಿದರು. ಈಗ ಹೆಂಗಸರು, ವೃದ್ಧರು, ಕಾಯಿಲೆಯವರು ಎಲ್ಲರೂ ಸೇರಬಹುದು. ಹಾಗಾಗಿ ಪಟ್ಟಿ ಬರೆಯುವಾಗ ತೋಟದ ಕೂಲಿಯವರನ್ನು ಮರೆಯಲು ನೆಪವಿಲ್ಲ.

ಮುಯ್ಯಾಳಲ್ಲ

ಲೂಕ 17ರ ಆಳು ಉತ್ತು ಬಂದವನು, ಬಂದ ಮೇಲೂ ಯಜಮಾನನಿಗೆ ಬಡಿಸಬೇಕು. ಎಲ್ಲ ಮುಗಿಸಿ ‘ನಾವು ಅಪ್ರಯೋಜಕರು’ ಅನ್ನಬೇಕು. ಆ ‘ಅಖ್ರೆಯೊಸ್’ ಎಂಬ ಪದವೇ ಮತ್ತಾಯ 25:30ರಲ್ಲಿ ಯಜಮಾನ ಕೊಟ್ಟ ತಲಾಂತನ್ನು (ಹಣವನ್ನು) ಹೂತಿಟ್ಟವನಿಗೂ ಬಂದಿರುವುದರಿಂದ ಗಲಿಬಿಲಿ. ಅಲ್ಲಿ ಕೆಲಸ ಮಾಡದವನು, ಇಲ್ಲಿ ಎಲ್ಲ ಮಾಡಿದವನು. ಹಾಗಾಗಿ ಇಲ್ಲಿನ ಅರ್ಥ ‘ಕೆಲಸಕ್ಕೆ ಬಾರದವರು’ ಅಲ್ಲ, ‘ನಮಗೆ ಬರಬೇಕಾದ ಬಾಕಿ ಏನೂ ಇಲ್ಲದವರು’. ಇಂದು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು ಎಂಬ ಮುಯ್ಯಾಳು ನ್ಯಾಯವಾದ ಏರ್ಪಾಡೇ. ದೇವರ ಜೊತೆ ಮಾತ್ರ ಅದನ್ನು ಹೂಡಬಾರದು. ಜೊತೆಗೆ ಲೂಕ 12:37 ಓದಿ: ಅಲ್ಲಿ ಯಜಮಾನನೇ ನಡುಕಟ್ಟಿ ಆಳುಗಳಿಗೆ ಬಡಿಸುತ್ತಾನೆ.

ತಗ್ಗಿದ್ದು, ಬಗ್ಗಿಸಿದ್ದು

ಒಡೆಯರೆದುರು ಹೆಗಲ ಟವೆಲ್ ಇಳಿಸಿ ಸೊಂಟಕ್ಕೆ ಕಟ್ಟಬೇಕಾಗಿದ್ದ ಕಾಲವನ್ನು ಕಂಡ ನಾಡಿನಲ್ಲಿ ಯೋಹಾನ 13ರ ಟವೆಲ್ ಬಗ್ಗೆ ಬೋಧಿಸುವಾಗ ಎಚ್ಚರ ಬೇಕು. ಯೇಸು ತಾನಾಗಿ ಕಟ್ಟಿಕೊಂಡ, ಯಾರೂ ಕಟ್ಟಿಸಲಿಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಅಳತೆಯ ಕೊಳಗ ನ್ಯಾಯವಾಗಿರಲಿ ಎಂದು ಸತ್ಯಾಗ್ರಹಕ್ಕೆ ಇಳಿದರು. ದೀನತೆಯ ವಚನಗಳನ್ನು ಅಂಥವರ ಬಾಯಿ ಮುಚ್ಚಿಸಲು ಬಳಸುವುದು ಪೌಲನ ಓದಲ್ಲ.

ಇದಕ್ಕೆ ಸಾಕ್ಷಿ ಫಿಲಿಪ್ಪಿ ಊರೇ. ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲ, ಸೀಲರನ್ನು ವಿಚಾರಣೆ ಇಲ್ಲದೆ ಹೊಡೆಸಿ ಸೆರೆಗೆ ಹಾಕಿ, ಮರುದಿನ ಗುಟ್ಟಾಗಿ ಕಳಿಸಲು ಅಧಿಕಾರಿಗಳು ನೋಡುತ್ತಾರೆ. ‘ನಾವು ರೋಮನ್ ನಾಗರಿಕರು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ’ ಎಂದು ಪೌಲ ಕೂತುಬಿಡುತ್ತಾನೆ (ವಚನ 37). ಅವರು ಬರುತ್ತಾರೆ. ದೀನಭಾವದ ಪತ್ರ ಇದೇ ಊರಿನ ಸಭೆಗೆ, ಇದೇ ಮನುಷ್ಯ ಬರೆದದ್ದು.

ಕೊಲೊಸ್ಸೆ

ಬೈಬಲ್ ಪರೀಕ್ಷೆಯಲ್ಲಿ ಸಿಕ್ಕಿಸುವ ಪ್ರಶ್ನೆ: ‘ದೀನಭಾವ’ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ತೆಗಳಿಕೆಯಾಗಿ ಬಂದಿದೆಯೆ? ಬಂದಿದೆ, ಕೊಲೊಸ್ಸೆ 2:18 ಮತ್ತು 23ರಲ್ಲಿ. ಫಿಲಿಪ್ಪಿ 2:3ರಲ್ಲಿರುವ ಗ್ರೀಕ್ ಪದವೇ. ಅಲ್ಲಿ ಕೆಲವರು ದೇಹವನ್ನು ದಂಡಿಸಿ, ಮುಟ್ಟಬೇಡ, ರುಚಿ ನೋಡಬೇಡ ಎಂದು ಕಟ್ಟುಪಾಡು ಹೂಡಿ, ಆ ದೀನತೆಯನ್ನೇ ಹಿರಿಮೆಯಾಗಿ ತೋರಿಸುತ್ತಿದ್ದರು. ಮುಂದಿನ ಅಧ್ಯಾಯದ 3:12ರಲ್ಲಿ ಅದೇ ಪದ ಮತ್ತೆ ಒಳ್ಳೆಯ ಅರ್ಥದಲ್ಲಿ ಬರುತ್ತದೆ, ಕನಿಕರ, ದಯೆ, ತಾಳ್ಮೆಗಳ ಜೊತೆ. ಉತ್ತರ ಬರೆಯುವಾಗ ಎರಡೂ ವಚನ ಸಂಖ್ಯೆ ಕೊಡಿ.