ಡಬ್ಬವಿಲ್ಲದ ಸ್ಪೀಕರ್

ಬಳ್ಳಾರಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವರನ್ನು ಯಾರನ್ನೇ ಕೇಳಿ, ಸೌಂಡ್ ಚೆನ್ನಾಗಿ ಬರಬೇಕಂದ್ರೆ ಬಾಕ್ಸ್ ದೊಡ್ಡದಿರಬೇಕು ಅಂತಾರೆ. ಗಣೇಶನ ಮೆರವಣಿಗೆಯಿಂದ ಶಾಲಾ ವಾರ್ಷಿಕೋತ್ಸವದವರೆಗೆ ಎಲ್ಲ ಕಡೆ ಇದೇ ನಂಬಿಕೆ. ಇದು ಅರ್ಧ ಮಾತ್ರ ನಿಜ. ಬಾಕ್ಸ್ ಬೇಕಿರುವುದು ಸದ್ದಿಗಲ್ಲ, ಸ್ಪೀಕರಿನಲ್ಲಿ ಹಿಂದೆ ಮುಂದೆ ಅಲುಗಿ ಸದ್ದು ಹೊರಡಿಸುವ ಬಟ್ಟಲಿನಂಥ ಕೋನ್‌ಗೆ. ಕೋನ್ ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನ ಗಾಳಿ ಸಡಿಲಾಗುತ್ತದೆ. ಎರಡೂ ಬಂದು ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ, ಅದರಲ್ಲೂ ಬೇಸ್, ಅಂದರೆ ತಗ್ಗು ಸ್ವರಗಳು. ಅದಕ್ಕೇ ಬೆನ್ನಿಗೆ ಡಬ್ಬ.

ಕೋನೇ ಬೇಡ ಅಂದರೆ? 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ರಕ್ಷಣಾ ಸಂಶೋಧನಾ ಸಂಸ್ಥೆಯ ಕೆನ್ ಹೆರಾನ್ ಇದಕ್ಕೆ ದಾರಿ ತೋರಿಸಿದರು. ಜೇನುಗೂಡಿನಂಥ ಒಳಪದರವಿರುವ ಹಗುರವಾದ, ಬಿಗಿಯಾದ ಹಲಗೆಗಳು ಸದ್ದನ್ನು ತುಂಬ ಚೆನ್ನಾಗಿ ಹೊರಸೂಸುತ್ತವೆ ಎಂಬುದು ಅವರ ಗಮನಕ್ಕೆ ಬಂತು. ವಿಮಾನದ ಸದ್ದು ತಗ್ಗಿಸಬೇಕಾದವರಿಗೆ ಇದು ತಲೆನೋವು. ಸ್ಪೀಕರ್ ಮಾಡುವವರಿಗೆ ನಿಧಿ. ವೆರಿಟಿ ಗ್ರೂಪ್ ಎಂಬ ಕಂಪನಿ ಇದನ್ನು ಕೈಗೆತ್ತಿಕೊಂಡು ಹೆನ್ರಿ ಅಜೀಮಾ, ನೀಲ್ ಹ್ಯಾರಿಸ್ ಎಂಬ ತಂತ್ರಜ್ಞರಿಂದ ಬೆಳೆಸಿತು. 1996ರಲ್ಲಿ ಎನ್‌ಎಕ್ಸ್‌ಟಿ ಎಂಬ ಹೆಸರಲ್ಲಿ ಹೊರಗೆ ತಂದಿತು.

ನನಗೆ ಹುಚ್ಚು ಹಿಡಿಸಿದ್ದು ಇದರ ಒಳಗುಟ್ಟು. ಹಲಗೆಯ ಹಿಂದೆ ಒಂದು ಚಿಕ್ಕ ಎಕ್ಸೈಟರ್, ಅಂದರೆ ವಿದ್ಯುತ್ತಿನಿಂದ ನಡುಗುವ ಸಾಧನ, ಅಂಟಿಸುತ್ತಾರೆ. ಅದು ಹಲಗೆಯನ್ನು ಇಡಿಯಾಗಿ ಹಿಂದೆ ಮುಂದೆ ದೂಡುವುದಿಲ್ಲ, ಒಂದು ಜಾಗದಲ್ಲಿ ನಡುಗಿಸುತ್ತದೆ. ಅಲ್ಲಿಂದ ಹಲಗೆ ಬಾಗುತ್ತಾ ಅಲೆಗಳು ಅಂಚಿಗೆ ಓಡಿ ತಿರುಗಿ ಬರುತ್ತವೆ. ಗಾಳಿಯಲ್ಲಿ ಎಲ್ಲ ಸ್ವರಗಳ ವೇಗ ಒಂದೇ. ಹಲಗೆಯಲ್ಲಿ ಹಾಗಲ್ಲ, ಸ್ವರ ಎತ್ತರವಾದಷ್ಟೂ ಅಲೆ ಜೋರಾಗಿ ಓಡುತ್ತದೆ.

ಪ್ರತಿ ಹಲಗೆಗೂ ತನಗೆ ಒಗ್ಗುವ ಕಂಪನಗಳಿರುತ್ತವೆ. ಹಲಗೆ ಚೌಕವಾಗಿದ್ದರೆ ಉದ್ದದ ಕಂಪನ, ಅಗಲದ ಕಂಪನ ಒಂದೇ ಸ್ವರದ ಮೇಲೆ ಬೀಳುತ್ತವೆ, ಪಕ್ಕದ ಸ್ವರಗಳು ಖಾಲಿ. ಸಿರುಗುಪ್ಪಕ್ಕೆ ಎರಡು ಬಸ್ಸು ಒಟ್ಟಿಗೇ ಹೊರಟು, ಆಮೇಲೆ ಒಂದು ಗಂಟೆ ಬಸ್ಸೇ ಇಲ್ಲದಿದ್ದರೆ ಹೇಗಿರುತ್ತದೋ ಹಾಗೆ. ಅದಕ್ಕೇ ಒಂದು ಬದಿಯನ್ನು 1.134 ಪಟ್ಟು ಉದ್ದ ಮಾಡುತ್ತಾರೆ. ಆಗ ಕಂಪನಗಳು ಹರಡಿಕೊಳ್ಳುತ್ತವೆ. ಎಕ್ಸೈಟರ್ ಕೂಡ ನಟ್ಟನಡುವೆ ಇರಬಾರದು. ಎಷ್ಟೋ ಕಂಪನಗಳಿಗೆ ನಡುವಿನ ಗೆರೆ ಅಲುಗಾಡದ ಜಾಗ, ಅಲ್ಲಿ ಎಷ್ಟು ನಡುಗಿಸಿದರೂ ಅವು ಏಳುವುದಿಲ್ಲ. ಒಂದು ಬದಿಯ 4/9 ಭಾಗ, ಇನ್ನೊಂದರ 3/7 ಭಾಗದ ಹತ್ತಿರ ಇಟ್ಟರೆ ಹೆಚ್ಚಿನವು ಏಳುತ್ತವೆ.

ಅಲುಗಾಡದ ಗೆರೆಗಳನ್ನು ಕಣ್ಣಾರೆ ನೋಡಬಹುದು. ತೆಳು ಅಲ್ಯೂಮಿನಿಯಂ ತಗಡಿಗೆ ಎಕ್ಸೈಟರ್ ಅಂಟಿಸಿ, ಮೇಲೆ ಸಣ್ಣ ರವೆ ಉದುರಿಸಿ, ಮೊಬೈಲಿನಿಂದ ಒಂದೇ ಸ್ವರ ಹಾಕಿದೆ. ರವೆ ಕುಣಿದು ಕುಣಿದು ಗೆರೆಗಳಲ್ಲಿ ಬಂದು ನಿಂತಿತು. ಸ್ವರ ಸ್ವಲ್ಪ ಏರಿಸಿದರೆ ಆ ರಂಗೋಲಿ ಕೆಟ್ಟು, ಕಾಳೆಲ್ಲ ಚೆಲ್ಲಾಪಿಲ್ಲಿಯಾಗಿ ಇನ್ನೊಂದು ಮೂಡಿತು. ಜರ್ಮನಿಯ ವಿಜ್ಞಾನಿ ಕ್ಲಾಡ್ನಿ 1787ರಲ್ಲೇ ಮರಳು ಹಾಕಿ, ತಗಡಿನ ಅಂಚಿಗೆ ಪಿಟೀಲಿನ ಕಮಾನು ಎಳೆದು ಇದನ್ನು ತೋರಿಸಿದ್ದ. ನೆಪೋಲಿಯನ್ನನೂ ನೋಡಿ ಬೆರಗಾಗಿ, ಇದರ ಗಣಿತ ಬಿಡಿಸಿದವರಿಗೆ ಬಹುಮಾನ ಇಡಿಸಿದ. 1816ರಲ್ಲಿ ಅದನ್ನು ಗೆದ್ದವಳು ಫ್ರಾನ್ಸಿನ ಗಣಿತಜ್ಞೆ ಸೋಫಿ ಜರ್ಮೇನ್. ಹೆಣ್ಣು ಅನ್ನುವ ಕಾರಣಕ್ಕೆ ಕಾಲೇಜಿನ ಬಾಗಿಲು ದಾಟಲು ಬಿಡದಿದ್ದ ಕಾಲದಲ್ಲಿ!

ಇಂಥ ಕಂಪನ ನಮ್ಮ ಬಳ್ಳಾರಿ ಹತ್ತಿರದ ಬಂಡೆಗಳಲ್ಲೂ ಇದೆ. ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಹೊಡೆದರೆ ಗಂಟೆಯಂತೆ ಮೊಳಗುವ ಕಪ್ಪು ಬಂಡೆಗಳಿವೆ. ನವಶಿಲಾಯುಗದ ಜನ ಕಲ್ಲಿನಿಂದ ಬಡಿದು ಬಡಿದು ಬಿದ್ದ ಕುಳಿಗಳು ಅವುಗಳ ಮೇಲೆ ಈಗಲೂ ಕಾಣುತ್ತವೆ. ಇಂಥ ಬಂಡೆ ಎಲ್ಲೇ ಸಿಗಲಿ, ಒಳಗೆ ಟೊಳ್ಳಿದೆ, ದೇವರಿದೆ ಅಂತ ಕಥೆ ಕಟ್ಟುವವರಿಗೆ ಬರವಿಲ್ಲ. ಸುಮ್ನೆ ನಂಬಿಬಿಡಬೇಡಿ. ಗಟ್ಟಿ ಬಂಡೆಗೂ ತನ್ನದೇ ಕಂಪನಗಳಿವೆ. ಕೆಲವೇ ಕಡೆ ನೆಲಕ್ಕೆ ತಾಗಿ ಕೂತಿದ್ದರೆ ಅವು ಬೇಗ ಆರುವುದಿಲ್ಲ, ಅಷ್ಟೇ. ಬಂಡೆಯಲ್ಲಿ ಕೆಲವೇ ಸ್ವರ ಎದ್ದು ಬಹಳ ಹೊತ್ತು ಉಳಿಯುತ್ತವೆ. ಸ್ಪೀಕರ್ ಹಲಗೆಯಲ್ಲಿ ನೂರಾರು ಎದ್ದು ಬೇಗ ಆರಬೇಕು.

ಇದರಿಂದ ಸಿಗುವ ಲಾಭ ದೊಡ್ಡದು. 10,000 ಹರ್ಟ್ಸ್ ಸ್ವರದ ಅಲೆಯ ಉದ್ದ ಬರೀ 3.4 ಸೆಂ.ಮೀ. 15 ಸೆಂ.ಮೀ. ಕೋನ್ ಅದನ್ನು ನೇರ ಮುಂದಕ್ಕೆ ಮಾತ್ರ ಕಳಿಸುತ್ತದೆ, ಪಕ್ಕದಲ್ಲಿ ಕೂತವರಿಗೆ ಮಾತು ಮಂಕಾಗುತ್ತದೆ. ಹಲಗೆಯ ಪ್ರತಿ ಭಾಗ ಬೇರೆ ಬೇರೆ ಲಯದಲ್ಲಿ ನಡುಗುವುದರಿಂದ ಸದ್ದು ಎಲ್ಲ ದಿಕ್ಕಿಗೂ ಹರಡುತ್ತದೆ. ಹಿಂದಿನ ಸದ್ದು ಮುಂದಿನದನ್ನು ಕೋನಿನಲ್ಲಿ ಆದಷ್ಟು ಅಳಿಸುವುದಿಲ್ಲ, ಅದಕ್ಕೇ ಡಬ್ಬ ಬೇಡ.

ಮತ್ತೆ ಯಾಕೆ ಮರೆಯಾಯಿತು? ಬೇಸ್ ಇಲ್ಲ. ತಗ್ಗು ಸ್ವರಗಳಲ್ಲಿ ಹಲಗೆಗೆ ಕಂಪನಗಳೇ ಕಡಿಮೆ. ಕಂಪನಿ ಲೈಸೆನ್ಸ್ ಮಾರುತ್ತಾ ಹೋಯಿತು, ಕೊಂಡವರು ಕಂಪ್ಯೂಟರ್ ಪಕ್ಕ ಇಡುವ ಅಗ್ಗದ ಪುಟ್ಟ ಹಲಗೆಗಳನ್ನೂ ಮಾಡಿದರು. ಕೇಳಿದವರು ಇದು ಆಟಿಕೆ ಅಂದರು. ಹೈಫೈ ಬಾಕ್ಸಿಗೆ ಪರ್ಯಾಯ ಅಂತ ಮಾರಿದ್ದೇ ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇದರ ಜಾಗ ಮಾತು ಕೇಳಿಸಬೇಕಾದ ಕಡೆ. 2017ರಲ್ಲಿ ಸೋನಿ ತನ್ನ ಎ1 ಟಿವಿಯ ಓಎಲ್‌ಇಡಿ ಪರದೆಯನ್ನೇ ನಡುಗಿಸಿ ಸದ್ದು ಹೊರಡಿಸಿತು. ಅದೂ ಬೇಸ್‌ಗೆ ಮಾತ್ರ ಸ್ಟ್ಯಾಂಡಿನಲ್ಲಿ ಬೇರೆ ಸ್ಪೀಕರ್ ಇಟ್ಟಿತು. ಸರಿಯಾದ ದಾರಿ ಅದೇ ಅಲ್ವಾ?

ಮೊದಲ ಪೇಟೆಂಟುಗಳ ಅವಧಿ ಮುಗಿದಿದೆ, ಎಕ್ಸೈಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ನಮ್ಮ ಮೈಕ್ ಸೆಟ್‌ನವರು ಒಮ್ಮೆ ಮಾಡಿ ನೋಡಲಿ. ಗಟ್ಟಿ ಫೋಮ್ ಹಲಗೆ, 60 ಸೆಂ.ಮೀ. ಉದ್ದ, 53 ಸೆಂ.ಮೀ. ಅಗಲ. ಉದ್ದದಲ್ಲಿ 26.7, ಅಗಲದಲ್ಲಿ 22.7 ಸೆಂ.ಮೀ. ಅಳೆದು ಎಕ್ಸೈಟರ್ ಅಂಟಿಸಿ. ಗೋಡೆಗೆ ಒತ್ತಬೇಡಿ, ದಾರದಲ್ಲಿ ತೂಗುಹಾಕಿ. ಶಾಲೆಯ ಹಾಲಿನಲ್ಲಿ ಮೇಷ್ಟ್ರಿಗೆ ಮೈಕ್ ಕೊಟ್ಟು, ಕೊನೆಯ ಬೆಂಚಿನ ಮೂಲೆಯಲ್ಲಿ ಕೂತು ಕೇಳಿ.