ಸಾಗರಕ್ಕೊಂದು ವರ್ಷನ್, ತೀರ್ಥಹಳ್ಳಿಗೊಂದು

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ, ವ್ಯಾಟ್ ಲೆಕ್ಕ ನಂಬಿಕೊಂಡಿದ್ದ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳೆಲ್ಲ ಬದಲಾಗಬೇಕಾಯಿತು. ಶಿವಮೊಗ್ಗದಲ್ಲಿ ಕೂತು ಅಡಿಕೆ ಮಂಡಿಗಳಿಗೆ ಇಂಥ ಸಾಫ್ಟ್‌ವೇರ್ ಮಾಡಿಕೊಡುವ ನಾಲ್ಕೈದು ಜನರ ತಂಡವೊಂದನ್ನು ಊಹಿಸಿಕೊಳ್ಳಿ. ಪೇಟೆಯ ಮಂಡಿಗಳಲ್ಲಿ ವರ್ಷನ್ 5 ನಡೆಯುತ್ತಿದೆ, ತೀರ್ಥಹಳ್ಳಿಯಲ್ಲಿ 4. ಸಾಗರದ ಸಾಹುಕಾರರೊಬ್ಬರು ಮಾತ್ರ 3ನ್ನು ಬಿಡಲೊಲ್ಲರು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗಳು ಸಾಲಾಗಿ ಬರುವ ಆ ಹಳೆಯ ಬಿಲ್ಲೇ ಅವರಿಗೆ ಬೇಕು. ಆದರೆ ತೆರಿಗೆಯ ತಿದ್ದುಪಡಿ ಮೂರಕ್ಕೂ ಒಂದೇ ದಿನ ಹೋಗಬೇಕು. ಅದೂ ಒಂದು ಫೈಲಿನಲ್ಲಿ ಮುಗಿಯುವಂಥದ್ದಲ್ಲ. ಕೇಂದ್ರದ ಪಾಲು, ರಾಜ್ಯದ ಪಾಲು ಬೇರೆ ಬೇರೆ ಲೆಕ್ಕವಾಗಬೇಕು, ಬಿಲ್ಲಿನಲ್ಲಿ ಸರಕಿನ ವರ್ಗ ಹೇಳುವ ಎಚ್‌ಎಸ್‌ಎನ್ ಸಂಖ್ಯೆ ಕಾಣಬೇಕು, ಡೇಟಾಬೇಸಿನ ಟೇಬಲ್ಲಿಗೆ ಹೊಸ ಕಾಲಂ ಸೇರಬೇಕು. ಒಂದು ಬಿಟ್ಟುಹೋದರೂ ಬಿಲ್ಲು ತಪ್ಪು.

ತಂಡದವರ ಬಾಯಲ್ಲಿ ಇದು ‘ಜಿಎಸ್‌ಟಿ ಕೆಲಸ’ ಅನ್ನುವ ಒಂದೇ ಗಂಟು. ಕೋಡಿನ ಚರಿತ್ರೆ ಕಾಯುವ ಸಾಧನಗಳಿಗೆ ಆ ಗಂಟು ಕಾಣಿಸಲು ಬಹಳ ವರ್ಷ ಹಿಡಿಯಿತು.

1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ ಬರೆದ ಎಸ್‌ಸಿಸಿಎಸ್, ಆಮೇಲೆ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ಮಾಡಿದ ಆರ್‌ಸಿಎಸ್, ಎರಡೂ ಫೈಲು ಫೈಲಿಗೆ ಬೇರೆ ಚರಿತ್ರೆ ಇಡುತ್ತಿದ್ದವು. 1986ರಲ್ಲಿ ಡಿಕ್ ಗ್ರೂನ್ ಶುರುಮಾಡಿದ ಸಿವಿಎಸ್ ಹಲವು ಜನ ಕೂಡಿ ಕೆಲಸ ಮಾಡುವುದನ್ನು ಸುಲಭ ಮಾಡಿತು ನಿಜ, ಆದರೆ ಅದರಲ್ಲೂ ಒಂದು ಫೈಲು 1.14 ಆಗಿದ್ದರೆ ಪಕ್ಕದ್ದು 1.7. ನಾಲ್ಕು ಫೈಲಿನ ತಿದ್ದುಪಡಿಯನ್ನು ಚರಿತ್ರೆಗೆ ಸೇರಿಸುವಾಗ, ಅಂದರೆ ಕಮಿಟ್ ಮಾಡುವಾಗ, ನಡುವೆ ಸಂಪರ್ಕ ಕಡಿದರೆ ಎರಡು ಒಳಗೆ, ಎರಡು ಹೊರಗೆ. ಯಾವ ಯಾವ ತಿದ್ದುಪಡಿ ಒಂದೇ ಕೆಲಸಕ್ಕೆ ಸೇರಿದ್ದು ಎಂದು ತಿಳಿಯಬೇಕಾದರೆ ಬರೆದವರ ಹೆಸರು, ಟಿಪ್ಪಣಿ, ಹೊತ್ತು ಹೊಂದಿಸಿ ಊಹಿಸಬೇಕಿತ್ತು. ಹೀಗೆ ಊಹಿಸುವುದಕ್ಕೆಂದೇ ಸಿವಿಎಸ್‌ಪಿಎಸ್ ಎಂಬ ಇನ್ನೊಂದು ಸಾಧನ ಹುಟ್ಟಿತೆಂದರೆ ಪಾಡು ಅರ್ಥವಾದೀತು.

ನನ್ನ ಮಟ್ಟಿಗೆ ನಿಜವಾದ ಪರಿಹಾರ ಹುಟ್ಟಿದ್ದು ಈ ಸಾಧನಗಳ ಹೊರಗೆ. ಲ್ಯಾರಿ ವಾಲ್ 1985ರಲ್ಲಿ ಬರೆದ ‘ಪ್ಯಾಚ್’ ಎಂಬ ಪುಟ್ಟ ಪ್ರೋಗ್ರಾಂ, ಎರಡು ಫೈಲು ಹೋಲಿಸುವ ‘ಡಿಫ್’ ತೆಗೆದುಕೊಟ್ಟ ವ್ಯತ್ಯಾಸವನ್ನು ಇನ್ನೊಬ್ಬರ ಕೋಡಿಗೆ ಹಚ್ಚುತ್ತಿತ್ತು. ಸಾಲಿನ ಸಂಖ್ಯೆ ಹಿಂದೆ ಮುಂದೆ ಆಗಿದ್ದರೂ ಆಚೀಚಿನ ಸಾಲುಗಳನ್ನು ನೋಡಿ ಜಾಗ ಹುಡುಕಿಕೊಳ್ಳುತ್ತಿತ್ತು. ಹತ್ತು ಫೈಲಿನ ಬದಲಾವಣೆ ಒಂದೇ ಕಡತದಲ್ಲಿ ಕೂತು ಇಮೇಲಿನಲ್ಲಿ ಹೋಗುತ್ತಿತ್ತು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಆಂಡ್ರ್ಯೂ ಮಾರ್ಟನ್ ನೂರಾರು ಪ್ಯಾಚ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಬೇಕಾದಾಗ ಏರಿಸಿ ಇಳಿಸಲು ಸ್ಕ್ರಿಪ್ಟ್‌ಗಳನ್ನು ಮಾಡಿಕೊಂಡಿದ್ದರು. ಅವುಗಳಿಂದ ಬೆಳೆದದ್ದು ‘ಕ್ವಿಲ್ಟ್’. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನ ಬಹುತೇಕ ಪ್ಯಾಕೇಜುಗಳು ಇವತ್ತಿಗೂ ಅದೇ ಕ್ರಮದಲ್ಲಿ ಪ್ಯಾಚ್ ಇಡುತ್ತವೆ.

2004ರಲ್ಲಿ 1.0 ತಲುಪಿದ ಸಬ್‌ವರ್ಷನ್ ಎಂಬ ಸಾಧನದಲ್ಲಿ ಇಡೀ ಕೋಡಿಗೆ ಒಂದೇ ಸಂಖ್ಯೆ, ಕಮಿಟ್ ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಆದರೂ ಯಾವ ಬದಲಾವಣೆ ಕೋಡಿನ ಯಾವ ಕವಲಿಗೆ, ಅಂದರೆ ಬ್ರಾಂಚಿಗೆ, ಆಗಲೇ ಹೋಗಿದೆ ಅನ್ನುವುದನ್ನು ಅದು ತಾನೇ ನೆನಪಿಡತೊಡಗಿದ್ದು 2008ರ 1.5ರಿಂದ. ಅಲ್ಲಿಯವರೆಗೆ ಲೆಕ್ಕ ಇಡುವುದು ಪ್ರೋಗ್ರಾಮರ್‌ಗಳ ಪಾಲಿನ ಕೆಲಸ.

2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಗಿಟ್ ಎಂಬ ಸಾಧನ ಬರೆದರು. ಇಡೀ ಚರಿತ್ರೆ ನಮ್ಮ ಕಂಪ್ಯೂಟರಿನಲ್ಲೇ ಇರುವುದರಿಂದ ನೆಟ್‌ವರ್ಕ್ ಇಲ್ಲದೆಯೂ ಕಮಿಟ್ ಮಾಡಬಹುದು. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಇದು ಸಣ್ಣ ಅನುಕೂಲವೇನಲ್ಲ. ಇನ್ನು ವರ್ಷನ್ 5ರ ಜಿಎಸ್‌ಟಿ ಕಮಿಟ್ಟನ್ನು 4ಕ್ಕೂ 3ಕ್ಕೂ ಒಯ್ಯಲು, ಬೇಕಾದ ಕಮಿಟ್ಟನ್ನಷ್ಟೇ ಆರಿಸಿ ಹಚ್ಚುವ ‘ಚೆರ್ರಿ-ಪಿಕ್’ ಇದೆ.

ತೊಡಕಿರುವುದೂ ಅಲ್ಲೇ. ಗಿಟ್ ಇಡುವುದು ಆ ಗಳಿಗೆಯ ಇಡೀ ಕೋಡಿನ ಚಿತ್ರವನ್ನು, ಬದಲಾವಣೆ ಏನೆಂದು ಹಿಂದಿನದರ ಜೊತೆ ಹೋಲಿಸಿ ಹೇಳುತ್ತದೆ. ಕಮಿಟ್‌ನ ಗುರುತು ಹುಟ್ಟುವುದು ಅದರ ಒಳಗಿನ ವಿಷಯ ಮತ್ತು ಅದರ ಹಿಂದಿನ ಕಮಿಟ್ ಎರಡರಿಂದಲೂ. ಹಾಗಾಗಿ ಬೇರೆ ಬ್ರಾಂಚಿಗೆ ಹೋದ ಅದೇ ತಿದ್ದುಪಡಿಗೆ ಹೊಸ ಗುರುತು ಬರುತ್ತದೆ, ಎರಡೂ ಒಂದೇ ಎಂಬ ದಾಖಲೆ ತಾನಾಗಿ ಎಲ್ಲೂ ಉಳಿಯುವುದಿಲ್ಲ. ‘ಪ್ಯಾಚ್-ಐಡಿ’ ಎಂಬ ಲೆಕ್ಕದಿಂದ ಹೋಲಿಸಬಹುದು, ಆದರೆ ಸಾಗರದ ಹಳೆಯ ಕೋಡಿಗೆ ಹೊಂದಲೆಂದು ಒಂದು ಸಾಲು ತಿದ್ದಿದರೂ ಆ ಲೆಕ್ಕ ತಾಳೆಯಾಗದು. ಡೇವಿಡ್ ರೌಂಡಿ 2003ರಲ್ಲಿ ಹೊರತಂದ ಡಾರ್ಕ್ಸ್ ಎಂಬ ಸಾಧನ ಬದಲಾವಣೆಯನ್ನೇ ಮೂಲಘಟಕ ಮಾಡಿಕೊಂಡಿತ್ತು. ಯೋಚನೆ ಚೆನ್ನಾಗಿತ್ತು, ಆದರೆ ಬದಲಾವಣೆಗಳನ್ನು ಕೂಡಿಸುವ ಕೆಲವು ಮರ್ಜ್‌ಗಳಲ್ಲಿ ವಿಪರೀತ ನಿಧಾನವಾಗುತ್ತಿತ್ತು. ಜನ ಗಿಟ್ ಹಿಡಿದರು.

ಲಿನಕ್ಸ್‌ನವರು ಈ ಕೊರತೆಯನ್ನು ಶಿಸ್ತಿನಿಂದ ತುಂಬಿಕೊಂಡರು. 2005ರಿಂದ ನಡೆಯುತ್ತಿರುವ ಅವರ ಸ್ಟೇಬಲ್ ಆವೃತ್ತಿಗಳಲ್ಲಿ ತಿದ್ದುಪಡಿ ಮೊದಲು ಮುಖ್ಯ ಕೋಡಿಗೆ ಸೇರಬೇಕು, ಆಮೇಲೆ ಹಳೆಯದಕ್ಕೆ. ಮೂಲ ಕಮಿಟ್‌ನ ಗುರುತು ಟಿಪ್ಪಣಿಯಲ್ಲಿರಬೇಕು. ದೋಷ ಯಾವ ಕಮಿಟ್‌ನಿಂದ ಬಂತೆಂದು ಬರೆದಿದ್ದರೆ, ಅದಕ್ಕಿಂತ ಹಳೆಯ ವರ್ಷನ್ನಿಗೆ ಆ ತಿದ್ದುಪಡಿ ಬೇಡವೆಂದೂ ಗೊತ್ತಾಗುತ್ತದೆ. ನಮ್ಮ ಮಂಡಿ ತಂಡಕ್ಕೆ ಇದರಲ್ಲಿ ಎತ್ತಿಕೊಳ್ಳುವಂಥದ್ದು ಬಹಳವಿದೆ. ಚೆರ್ರಿ-ಪಿಕ್‌ಗೆ ‘-ಎಕ್ಸ್’ ಸೇರಿಸಿದರೆ ಮೂಲದ ಗುರುತು ತಾನೇ ಟಿಪ್ಪಣಿಗೆ ಬರುತ್ತದೆ. ಜಿಎಸ್‌ಟಿ ಕಮಿಟ್ಟಿನಲ್ಲಿ ಪರದೆಯ ಬಣ್ಣ ಬದಲಿಸಿದ್ದು, ಫೈಲಿನ ಹೆಸರು ಬದಲಿಸಿದ್ದು ಸೇರಬಾರದು. ಟೇಬಲ್ಲಿನ ಕಾಲಂ ವಿಚಾರದಲ್ಲಂತೂ ಗಿಟ್ಟನ್ನು ನಂಬಿ ಕೂರುವ ಹಾಗಿಲ್ಲ. ಕಾನ್‌ಫ್ಲಿಕ್ಟ್, ಅಂದರೆ ಸಾಲುಗಳ ತಿಕ್ಕಾಟ, ಇಲ್ಲದೆ ಕೋಡು ಸೇರಿಕೊಂಡೂ ಮಂಡಿಯ ಹಳೆಯ ಡೇಟಾಬೇಸಿನ ಮೇಲೆ ಮುಗ್ಗರಿಸಬಹುದು. ಪ್ರತಿ ವರ್ಷನ್ನಿನಲ್ಲೂ ಬಿಲ್ಲು ತೆಗೆದು ನೋಡಲೇಬೇಕು.

ಇಷ್ಟೆಲ್ಲ ಶಿಸ್ತಿದ್ದ ಲಿನಕ್ಸ್‌ನವರೇ 2023ರಲ್ಲಿ ದೀರ್ಘಾವಧಿ ಆವೃತ್ತಿಗಳ ಬೆಂಬಲವನ್ನು ಆರು ವರ್ಷದಿಂದ ಎರಡಕ್ಕೆ ಇಳಿಸುವುದಾಗಿ ಹೇಳಿದರು. ಹಳೆಯದನ್ನು ಬಳಸುವವರು ಕಡಿಮೆ, ಕಾಯುವವರಿಗೆ ಹೊರೆ ಹೆಚ್ಚು. ನಾಲ್ಕೈದು ಜನರ ತಂಡ ಮೂರು ವರ್ಷನ್ ಹೊತ್ತು ತಿರುಗುವ ಬದಲು, ಸುಗ್ಗಿ ಮುಗಿದು ಮಂಡಿ ತಣ್ಣಗಾದ ಮೇಲೆ ಸಾಗರಕ್ಕೆ ಹೋಗಿ, ಸಾಹುಕಾರರ ಆ ಹಳೆಯ ಬಿಲ್ಲಿನ ನಮೂನೆಯನ್ನು ವರ್ಷನ್ 5ರಲ್ಲೇ ಮಾಡಿಕೊಟ್ಟು ಬರುವುದು ಅಗ್ಗ.