ಹಳೇ ಕಾರಿನ ಪವರ್ ಸ್ಟೀರಿಂಗ್: ಪಂಪಿಗೆ ಕೈ ಹಾಕೋ ಮೊದಲು ಆಯಿಲ್ ನೋಡಿ

ಹಳೇ ಕಾರಿನ ಕೆಲಸ ಕಲೀತಾ ಇರೋರು ಪವರ್ ಸ್ಟೀರಿಂಗ್ ಪಾಠ ಬಂದ ತಕ್ಷಣ ಪಂಪಿನ ಚಿತ್ರ ತೆಗೆದು ಕೂತ್ಕೋತಾರೆ, ನಾನೂ ಹಾಗೇ ಮಾಡಿದ್ದೆ, ಆದ್ರೆ ಈಗ ಕೇಳಿದ್ರೆ ಮೊದಲು ಬಾನೆಟ್ ಎತ್ತಿ ಆ ಸಣ್ಣ ಡಬ್ಬಿ ಮುಚ್ಚಳ ತೆಗೆದು ಒಳಗಿರೋ ಆಯಿಲ್ ನೋಡೋದು ಕಲೀರಿ ಅಂತೀನಿ. ಈ ಸಿಸ್ಟಮ್‌ನಲ್ಲಿ ಆಯಿಲ್ ಇರೋದು ಬರೀ ಜಾರಿಕೆಗೆ ಅಲ್ಲ, ಚಕ್ರ ತಿರುಗಿಸೋ ಕೆಲಸ ಮಾಡೋದೇ ಅದು. ಹಾಗಾಗಿ ತೊಂದರೆ ಎಲ್ಲೇ ಇರ್ಲಿ, ಬಹಳ ಸಲ ಅದರ ಗುರುತು ಆ ಡಬ್ಬಿಯಲ್ಲೇ ಮೊದಲು ಕಾಣತ್ತೆ.

ಮೊದಲು ನಿಮ್ಮ ಕಾರಲ್ಲಿ ಯಾವ ತರದ್ದು ಇದೆ ನೋಡ್ಕೊಳ್ಳಿ. ಮುಚ್ಚಳದ ಮೇಲೆ ಸ್ಟೀರಿಂಗ್ ಚಿತ್ರ ಇರೋ ಡಬ್ಬಿ, ಇಂಜಿನ್ ಬೆಲ್ಟಿಂದ ತಿರುಗೋ ಪಂಪು ಎರಡೂ ಇದ್ರೆ ಅದು ಹೈಡ್ರಾಲಿಕ್. ಡಬ್ಬಿ ಇದೆ, ಆದ್ರೆ ಪಂಪಿಗೆ ಬೆಲ್ಟಿಲ್ಲ, ಕರೆಂಟ್ ಮೋಟಾರೇ ಪಂಪ್ ತಿರುಗಿಸತ್ತೆ ಅಂದ್ರೆ ಅದು ನಡುವಿನ ಜಾತಿ. ಎರಡೂ ಇಲ್ಲ, ಆದ್ರೂ ಪವರ್ ಸ್ಟೀರಿಂಗ್ ಇದೆ ಅಂದ್ರೆ ಪೂರ್ತಿ ಎಲೆಕ್ಟ್ರಿಕ್, ಅದಕ್ಕೆ ಆಯಿಲೇ ಇಲ್ಲ, ಬ್ಯಾಟರಿ ಮತ್ತೆ ಆಲ್ಟರ್ನೇಟರ್ ಸರಿ ಇಟ್ಕೊಳ್ಳೋದೇ ಮುಖ್ಯ ಕೆಲಸ. ಪರೀಕ್ಷೆಗೆ ಬೇಕಾದ್ರೆ ಈ ಮೂರು ವರ್ಷ ನೆನಪಿಟ್ಕೊಳ್ಳಿ: 1926ರಲ್ಲಿ ಫ್ರಾನ್ಸಿಸ್ ಡೇವಿಸ್ ಅನ್ನೋ ಇಂಜಿನಿಯರ್ ಪಿಯರ್ಸ್ ಆ್ಯರೋ ಕಾರಿಗೆ ಹೈಡ್ರಾಲಿಕ್ ಸ್ಟೀರಿಂಗ್ ಕೂರಿಸಿ ಓಡಿಸಿ ತೋರಿಸಿದ್ರು, ಮಾರಾಟದ ಕಾರಲ್ಲಿ ಬಂದಿದ್ದು 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ, ಎಲೆಕ್ಟ್ರಿಕ್ ಬಂದಿದ್ದು 1988ರಲ್ಲಿ ಸುಝುಕಿ ಸರ್ವೋ ಕಾರಲ್ಲಿ. ಇನ್ನು ಮುಂದೆ ಹೇಳೋದೆಲ್ಲ ಹೈಡ್ರಾಲಿಕ್ ಬಗ್ಗೆನೇ.

ಒಳಗೆ ಏನಾಗತ್ತೆ ಅನ್ನೋದನ್ನ ನಿಧಾನವಾಗಿ ಓದಿ, ಇದು ತಲೆಗೆ ಹೋದ್ರೆ ಮಿಕ್ಕಿದ್ದು ಬಾಯಿಪಾಠ ಮಾಡೋದೇ ಬೇಡ. ಇಂಜಿನ್ ಓಡ್ತಿರೋವಷ್ಟು ಹೊತ್ತೂ ಪಂಪು ತಿರುಗ್ತಾನೇ ಇರತ್ತೆ, ನೀವು ಸ್ಟೀರಿಂಗ್ ತಿರುಗಿಸಿದ್ರೂ ಅಷ್ಟೇ ಬಿಟ್ರೂ ಅಷ್ಟೇ. ನೇರ ಹೋಗ್ತಿರೋವಾಗ ಆಯಿಲ್ ಪಂಪಿಂದ ಹೊರಟು, ಚಕ್ರನ ಎಡಕ್ಕೆ ಬಲಕ್ಕೆ ತಿರುಗಿಸೋ ಅಡ್ಡ ದಂಡ ಅಂದ್ರೆ ಸ್ಟೀರಿಂಗ್ ರ‍್ಯಾಕಿನ ವಾಲ್ವ್ ಒಳಗೆ ಹೋಗಿ, ಏನೂ ಕೆಲಸ ಮಾಡದೆ ರಿಟರ್ನ್ ಪೈಪಲ್ಲಿ ಡಬ್ಬಿಗೆ ವಾಪಸ್ ಬರತ್ತೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಅದರ ರಾಡಿನ ಕೊನೇಲಿರೋ ಟಾರ್ಷನ್ ಬಾರ್ ಅನ್ನೋ ತೆಳು ಸರಳು ಕೆಲವೇ ಡಿಗ್ರಿ ತಿರುಚಿಕೊಳ್ಳತ್ತೆ, ಅಷ್ಟು ಸಾಕು, ವಾಲ್ವಿನ ಒಂದು ಬದಿಯ ದಾರಿ ತೆರೆದು ಇನ್ನೊಂದು ಬದಿ ಮುಚ್ಕೊಂಡು ಆಯಿಲೆಲ್ಲ ರ‍್ಯಾಕಿನೊಳಗಿರೋ ಪಿಸ್ಟನ್ನಿನ ಒಂದು ಕಡೆ ನುಗ್ಗತ್ತೆ, ಪಿಸ್ಟನ್ ಚಕ್ರನ ತಳ್ಳತ್ತೆ. ನೀವು ತಿರುಗಿಸೋದು ನಿಲ್ಲಿಸಿದ್ರೆ ಸರಳು ನೇರವಾಗತ್ತೆ, ದಾರಿ ಮತ್ತೆ ಸಮ ಆಗತ್ತೆ. ಅಂದ್ರೆ ನಿಮ್ಮ ಕೈ ಎಷ್ಟು ಜೋರು ಹಾಕತ್ತೋ ಅದಕ್ಕೆ ತಕ್ಕಷ್ಟು ಸಹಾಯ, ಇದು ನನಗೆ ಇವತ್ತಿಗೂ ತುಂಬಾ ಚೆಂದ ಅನ್ಸೋ ಡಿಸೈನು, ಒಂದು ವೈರಿಲ್ಲ, ಸೆನ್ಸರಿಲ್ಲ.

ಈಗ ಫುಲ್ ಲಾಕ್ ವಿಷಯ. ಸ್ಟೀರಿಂಗ್ ಕೊನೆವರೆಗೂ ತಿರುಗಿಸಿ ಹಾಗೇ ಹಿಡ್ಕೊಂಡ್ರೆ ಪಿಸ್ಟನ್ ಮುಂದೆ ಹೋಗಕ್ಕೆ ಜಾಗ ಇಲ್ಲ, ಪಂಪು ಮಾತ್ರ ತಳ್ತಾನೇ ಇರತ್ತೆ. ಒತ್ತಡ 80, 100 ಬಾರ್ ಹತ್ತಿರ ಹೋಗೋದು ಸಾಮಾನ್ಯ. ಟೈರಲ್ಲಿ ಇರೋದು 2 ಬಾರ್ ಚಿಲ್ಲರೆ ಅಂತ ನೆನಪಿಸ್ಕೊಂಡ್ರೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗತ್ತೆ. ಆಗ ಒತ್ತಡ ಮಿತಿ ಮೀರದಂಗೆ ಕಾಯೋ ರಿಲೀಫ್ ವಾಲ್ವ್ ತೆರೆದು ಆಯಿಲ್ ಸಣ್ಣ ಸಂದಿಯಲ್ಲಿ ಹಿಂಡ್ಕೊಂಡು ಪಂಪೊಳಗೇ ಸುತ್ತಕ್ಕೆ ಶುರು ಮಾಡತ್ತೆ, ನೋಡ್ತಾ ನೋಡ್ತಾ ಬಿಸಿ ಏರತ್ತೆ. 5 ಸೆಕೆಂಡಿಗಿಂತ ಜಾಸ್ತಿ ಲಾಕಲ್ಲಿ ಹಿಡೀಬೇಡಿ ಅಂತ ಹೇಳೋದು ಇದಕ್ಕೇ. ಪಾರ್ಕಿಂಗಲ್ಲಿ ಕೊನೆ ಮುಟ್ಟಿದ ಮೇಲೆ ಒಂದು ಬೆರಳಷ್ಟು ವಾಪಸ್ ಬಿಟ್ರೆ ಸಾಕು, ಗುಂಯ್ ಅನ್ನೋ ಸದ್ದು ನಿಂತೇ ಹೋಗತ್ತೆ.

ಆಯಿಲ್ ನೋಡೋ ಕ್ರಮಕ್ಕೆ ಬರೋಣ. ಮುಚ್ಚಳ ತೆಗೆಯೋ ಮೊದಲು ಸುತ್ತ ಬಟ್ಟೆ ಹಾಕಿ ಒರೆಸಿ, ಒಂದು ಮರಳು ಕಣ ಒಳಗೆ ಬಿದ್ರೂ ಅದು ಪಂಪಿನ ರೆಕ್ಕೆಗಳನ್ನ ಗೀಚತ್ತೆ. ಲೆವೆಲ್ ಗುರುತು ಸಾಮಾನ್ಯವಾಗಿ ಎರಡಿರತ್ತೆ, ಒಂದು ಇಂಜಿನ್ ತಣ್ಣಗಿದ್ದಾಗ ನೋಡೋದು, ಇನ್ನೊಂದು ಓಡಿಸಿ ಬಂದ ಮೇಲೆ. ತಣ್ಣಗಿದ್ದಾಗ ಬಿಸಿ ಗುರುತಿನ ತನಕ ತುಂಬಿಬಿಟ್ರೆ ಆಮೇಲೆ ಹಿಗ್ಗಿ ಮುಚ್ಚಳದಿಂದ ಉಕ್ಕತ್ತೆ, ನೀವು ಲೀಕ್ ಅಂತ ಹುಡುಕ್ತಾ ಕೂತ್ಕೋತೀರ. ಆಮೇಲೆ ಒಂದು ಹನಿನ ಬಿಳಿ ಪೇಪರ್ ಮೇಲೆ ಬಿಡಿ. ಹೊಸದರ ಬಣ್ಣ ಕಂಪನಿ ಪ್ರಕಾರ ಕೆಂಪು, ಹಸಿರು, ತಿಳಿ ಹಳದಿ ಏನಾದ್ರೂ ಇರ್ಬಹುದು, ನೋಡ್ಬೇಕಾದ್ದು ಅದು ತಿಳಿಯಾಗಿದ್ಯಾ ಅಂತ. ಕಪ್ಪಗೆ ತಿರುಗಿ ಸುಟ್ಟ ವಾಸನೆ ಬಂದ್ರೆ ಬಿಸಿಗೆ ಕೆಟ್ಟಿದೆ. ಕರೀ ಪುಡಿ ಇದ್ರೆ ರಬ್ಬರ್ ಪೈಪು ಇಲ್ಲ ಸೀಲು ಒಳಗಿಂದ ಉದುರ್ತಿದೆ. ಬೆರಳಲ್ಲಿ ಉಜ್ಜಿ ಬೆಳಕಿಗೆ ಹಿಡಿದಾಗ ಮಿಣಮಿಣ ಹೊಳೆದ್ರೆ ಅದು ಲೋಹ, ಪಂಪಿನ ಆಯಸ್ಸು ಹತ್ತಿರ ಬಂದಿದೆ. ನೊರೆ ಇದ್ರೆ ಅಥವಾ ಹಾಲು ಬೆರೆಸಿದ ತರ ಮಬ್ಬಾಗಿದ್ರೆ ಗಾಳಿ ಸೇರಿದೆ, ಗಾಳಿ ಅಲ್ಲ ಅಂದ್ರೆ ನೀರು.

ಈ ಗಾಳಿ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೀನಿ, ಅದನ್ನ ಸ್ವಲ್ಪ ವಿವರವಾಗಿ ಬರೀತೀನಿ. ನನ್ನ ಹಳೇ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೇ ಸ್ಟೀರಿಂಗ್ ತಿರುಗಿಸಿದ್ರೆ ಗೊರ್ರ್ ಅಂತ ನರಳ್ತಿತ್ತು, ಇಂಜಿನ್ ರೇಸ್ ಮಾಡಿದ್ರೆ ಸದ್ದೂ ಏರ್ತಿತ್ತು. ಪಂಪು ಹೋಗಿದೆ ಅಂದ್ರು, ಬದಲಾಯಿಸಿದ್ವಿ. ಎರಡೇ ದಿನ ಸುಮ್ಮನಿತ್ತು, ಮೂರನೇ ದಿನ ಅದೇ ಸದ್ದು. ಕೆಳಗೆ ಒಂದು ಹನಿ ಆಯಿಲಿಲ್ಲ, ಲೆವೆಲ್ ಒಂದು ಕೂದಲೆಳೆ ಇಳಿದಿಲ್ಲ, ಆದ್ರೆ ಡಬ್ಬಿ ಒಳಗೆ ಟಾರ್ಚ್ ಬಿಟ್ಟು ನೋಡಿದ್ರೆ ರಿಟರ್ನ್ ಬಾಯಿಯ ಹತ್ತಿರ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳ್ತಾ ಇದ್ವು. ಕೊನೆಗೆ ಸಿಕ್ಕಿದ್ದು ಎಲ್ಲಿ ಅಂದ್ರೆ, ಡಬ್ಬಿಯಿಂದ ಪಂಪಿಗೆ ಹೋಗೋ ದಪ್ಪ ಪೈಪಿನ ತುದಿ. ಆ ರಬ್ಬರ್ ಎಷ್ಟೋ ವರ್ಷದ ಬಿಸಿಗೆ ಕಟ್ಟಿಗೆ ತರ ಗಟ್ಟಿಯಾಗಿ, ಕ್ಲಿಪ್ ಬಿಗಿ ಇದ್ದಂಗೆ ಕಂಡ್ರೂ ಕೈಯಲ್ಲಿ ತಿರುಚಿದ್ರೆ ಪೈಪು ಸಲೀಸಾಗಿ ಸುತ್ತು ಹೊಡೀತಿತ್ತು. ಅದು ಪಂಪು ಎಳ್ಕೊಳ್ಳೋ ಕಡೆ, ಅಲ್ಲಿ ಒತ್ತಡ ಇಲ್ಲ, ಉಲ್ಟಾ ಹೀರಿಕೆ ಇರತ್ತೆ, ಹಾಗಾಗಿ ಆಯಿಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗತ್ತೆ. ಒಂದು ಗೇಣು ಪೈಪು ಎರಡು ಕ್ಲಿಪ್ಪು ಹಾಕಿದ್ಮೇಲೆ ಸದ್ದು ಮಾಯ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ ಅಂತಾರಲ್ಲ, ಚೆನ್ನಾಗಿದ್ದ ಪಂಪನ್ನ ನಾವು ಸುಮ್ಮನೆ ಬಿಚ್ಚಿ ಹಾಕಿದ್ವಿ. ಅದಕ್ಕೇ ದಯವಿಟ್ಟು ಇದೊಂದನ್ನ ಅಂಡರ್‌ಲೈನ್ ಮಾಡ್ಕೊಳ್ಳಿ: ಸದ್ದಿದೆ, ನೊರೆ ಇದೆ, ಲೀಕ್ ಕಾಣ್ತಿಲ್ಲ ಅಂದ್ರೆ ಎಳ್ಕೊಳ್ಳೋ ಕಡೆಯ ಪೈಪು, ಕ್ಲಿಪ್ಪು, ಓ ರಿಂಗ್ (ಜಾಯಿಂಟಿನ ರಬ್ಬರ್ ಉಂಗುರ) ಮೊದಲು.

ಲೀಕ್ ಕಾಣ್ತಿದ್ರೆ ಹುಡುಕೋದು ಸುಲಭ, ಆದ್ರೆ ಆಯಿಲ್ ಗಾಳಿಗೆ ಹಿಂದಕ್ಕೆ ಹರಡಿರತ್ತೆ, ಹಾಗಾಗಿ ಎಲ್ಲಾ ತೊಳೆದು ಒಣಗಿಸಿ ರಾತ್ರಿ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ಅಂತ ನೋಡಿ ಮೇಲಕ್ಕೆ ಹುಡುಕ್ಕೊಂಡು ಹೋಗಿ. ಪಂಪಿನ ಪುಲ್ಲಿ ಹಿಂದೆ ಒದ್ದೆ ಇದ್ರೆ ಶಾಫ್ಟ್ ಸೀಲು. ಪ್ರೆಷರ್ ಪೈಪಲ್ಲಿ ರಬ್ಬರು ಕಬ್ಬಿಣ ಸೇರೋ ಜಾಗದಲ್ಲಿ ಜಿನುಗಿದ್ರೆ ಇಡೀ ಪೈಪೇ ಬದಲಾಯಿಸ್ಬೇಕು, ಅಲ್ಲಿಗೆ ಕ್ಲಿಪ್ ಹಾಕಿ ಬಿಗಿಯೋದು ನಿಲ್ಲಲ್ಲ. ಬೋಲ್ಟ್ ಹಾಕಿ ಕೂರಿಸೋ ಜಾಯಿಂಟ್ ಆದ್ರೆ ತಾಮ್ರದ ವಾಷರ್ ಪ್ರತಿ ಸಲ ಹೊಸದೇ ಹಾಕಿ. ರಿಟರ್ನ್ ಪೈಪಿಗೆ ಕ್ಲಿಪ್ ನಡೆಯತ್ತೆ, ಆದ್ರೆ ರೇಡಿಯೇಟರ್ ಪೈಪಿನ ತುಂಡು ಹಾಕ್ಬೇಡಿ, ಅದು ನೀರಿಗೆ ಮಾಡಿದ ರಬ್ಬರು, ಆಯಿಲ್ ತಾಗಿದ್ರೆ ಊದಿಕೊಂಡು ಮೆತ್ತಗಾಗತ್ತೆ. ಇನ್ನು ರ‍್ಯಾಕಿನ ಎರಡು ತುದಿಲಿರೋ ಮಡಿಕೆ ಮಡಿಕೆ ರಬ್ಬರ್ ಬೂಟನ್ನ ಕೈಯಲ್ಲಿ ಹಿಚುಕಿ ನೋಡಿ, ಒಳಗೆ ಆಯಿಲ್ ಗುಳುಗುಳು ಅಂದ್ರೆ ರ‍್ಯಾಕಿನ ಸೀಲು ಹೋಗಿದೆ, ಅದು ದೊಡ್ಡ ಕೆಲಸ. ಇಂಜಿನ್ ಓಡ್ತಿರೋವಾಗ ಪ್ರೆಷರ್ ಪೈಪಿನ ಮೇಲೆ ಬೆರಳಿಟ್ಟು ಲೀಕ್ ಹುಡುಕೋದು ಯಾವತ್ತೂ ಬೇಡ, ಸೂಜಿ ತೂತಿಂದ ಬರೋ ಆಯಿಲ್ ಚರ್ಮ ಸೀಳಿ ಒಳಗೆ ಹೋಗತ್ತೆ, ಅದು ಆಸ್ಪತ್ರೆ ಕೇಸು. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಹನಿ ಬೀಳ್ತಿದ್ರೂ ತಡ ಮಾಡ್ಬೇಡಿ, ಬೆಂಕಿ ಹತ್ಕೊಳ್ಳೋ ಆಯಿಲ್ ಅದು. ಲೀಕ್ ನಿಲ್ಲಿಸೋ ಬಾಟಲ್ ಔಷಧಿಗಳು ಸೀಲನ್ನ ಊದಿಸಿ ಸ್ವಲ್ಪ ದಿನ ತಳ್ತವೆ, ಅಷ್ಟೇ, ನಾನು ಹಾಕಲ್ಲ.

ಬೆಲ್ಟ್ ಬಗ್ಗೆ ಚಿಕ್ಕದಾಗಿ. ಫುಲ್ ಲಾಕಲ್ಲಿ ಕೀಂಯ್ ಅಂತ ಕಿರುಚಿದ್ರೆ ಪಂಪಲ್ಲ, ಬೆಲ್ಟ್ ಜಾರ್ತಿದೆ. ಕೈಯಲ್ಲಿ ಬಿಗಿ ಮಾಡೋ ಹಳೇ ವಿ ಬೆಲ್ಟಲ್ಲಿ ಎರಡು ಪುಲ್ಲಿ ನಡುವೆ ಹೆಬ್ಬೆರಳಲ್ಲಿ ಒತ್ತಿದ್ರೆ ಸುಮಾರು 10 ಮಿಲಿಮೀಟರ್ ಬಗ್ಗಬೇಕು, ನಿಮ್ಮ ಕಾರಿನ ಮ್ಯಾನುಯಲಲ್ಲಿ ಬೇರೆ ಅಳತೆ ಇದ್ರೆ ಅದೇ ಸರಿ. ತೀರಾ ಬಿಗಿದ್ರೆ ಬೇರಿಂಗ್ ತಿನ್ನತ್ತೆ. ಬೆಲ್ಟಿನ ಬದಿ ಕನ್ನಡಿ ತರ ಹೊಳೀತಿದ್ರೆ, ಬಿರುಕಿದ್ರೆ, ಆಯಿಲ್ ಕುಡಿದಿದ್ರೆ ಬದಲಾಯಿಸಿ, ಆದ್ರೆ ಆಯಿಲ್ ಎಲ್ಲಿಂದ ಬಿತ್ತು ಅನ್ನೋದನ್ನ ಮೊದಲು ನಿಲ್ಲಿಸಿ.

ಯಾವ ಆಯಿಲ್ ಹಾಕ್ಬೇಕು ಅನ್ನೋದಕ್ಕೆ ಒಂದೇ ಉತ್ತರ, ಮುಚ್ಚಳದ ಮೇಲೆ ಇಲ್ಲ ಮ್ಯಾನುಯಲಲ್ಲಿ ಬರೆದಿರೋದು. ಬಹಳಷ್ಟು ಹಳೇ ಕಾರಿಗೆ ಡೆಕ್ಸ್‌ರಾನ್ ಜಾತಿಯ ಆಟೋಮ್ಯಾಟಿಕ್ ಗೇರ್ ಆಯಿಲೇ ಹಾಕ್ತಾರೆ, ಹೋಂಡಾ ತನ್ನದೇ ಬೇರೆ ಆಯಿಲ್ ಕೇಳತ್ತೆ, ಎಷ್ಟೋ ಜರ್ಮನ್ ಕಾರಿಗೆ ಪೆಂಟೋಸಿನ್ ಸಿಎಚ್‌ಎಫ್ ಅನ್ನೋ ಹಸಿರು ಆಯಿಲ್. ಬಣ್ಣ ನೋಡಿ ಬೆರೆಸ್ಬೇಡಿ. ಬ್ರೇಕ್ ಆಯಿಲನ್ನಂತೂ ತಪ್ಪಿಯೂ ಹಾಕ್ಬೇಡಿ, ಅದು ಗ್ಲೈಕಾಲ್, ಈ ಸೀಲುಗಳು ಮಿನರಲ್ ಆಯಿಲಿಗೆ ಮಾಡಿದ್ದು, ಎಲ್ಲಾ ಸೀಲೂ ಹಾಳಾಗತ್ತೆ.

ಬದಲಾಯಿಸೋಕೆ ಸುಲಭ ದಾರಿ ಸಿರಿಂಜ್. ಡಬ್ಬೀಲಿರೋದನ್ನ ಎಳೆದು ಹೊಸದು ತುಂಬಿ, ಸ್ವಲ್ಪ ಓಡಿಸಿ, ಮತ್ತೆ ಎಳೆದು ತುಂಬಿ. ಇದರ ಲೆಕ್ಕ ಮಾಡಿ ನೋಡಿ, ಸಿಸ್ಟಮ್ ಪೂರ್ತಿ 1 ಲೀಟರ್, ಡಬ್ಬೀಲಿ 300 ಮಿಲಿಲೀಟರ್ ಅಂತ ಇಟ್ಕೊಂಡ್ರೆ ಒಂದು ಸಲ ಮಾಡಿದ್ಮೇಲೆ ಹಳೇದು 70 ಪರ್ಸೆಂಟ್ ಉಳೀತು, ಎರಡನೇ ಸಲಕ್ಕೆ 49, ಮೂರಕ್ಕೆ 34, ನಾಲ್ಕಕ್ಕೆ 24, ಐದಕ್ಕೆ 17. ಅಂದ್ರೆ ಒಂದೇ ಸಲ ಎಳೆದು ತುಂಬಿ ಆಯಿಲ್ ಚೇಂಜ್ ಆಯ್ತು ಅನ್ನೋದು ಸುಳ್ಳು, ಮುಕ್ಕಾಲು ಭಾಗ ಹತ್ತಿರ ಹಳೇದೇ ಇದೆ. ಆಯಿಲ್ ಬರೀ ಸ್ವಲ್ಪ ಹಳೇದಾಗಿದ್ರೆ ಈ ದಾರಿ ಸಾಕು, ಒಂದೊಂದು ವಾರ ಬಿಟ್ಟು ಮಾಡಿ.

ಕಪ್ಪಾಗಿದ್ರೆ ಪೂರ್ತಿ ತೆಗೀಬೇಕು. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗ್ಬೇಡಿ. ರಿಟರ್ನ್ ಪೈಪನ್ನ ಡಬ್ಬಿಯಿಂದ ಬಿಚ್ಚಿ ಖಾಲಿ ಬಾಟಲಿಗೆ ಇಳಿಸಿ, ಡಬ್ಬಿಯ ಆ ಬಾಯಿಗೆ ಬಿರಡೆ ಹಾಕಿ. ಇಂಜಿನ್ ಆಫ್ ಇರ್ಲಿ, ಸ್ಟೀರಿಂಗ್ ಲಾಕ್ ಆಗದಂಗೆ ಕೀ ಮಾತ್ರ ತಿರುಗಿಸಿ. ಒಬ್ರು ಸ್ಟೀರಿಂಗನ್ನ ಈ ಕೊನೆಯಿಂದ ಆ ಕೊನೆಗೆ ನಿಧಾನ ತಿರುಗಿಸ್ತಾ ಹೋಗ್ಲಿ, ಇನ್ನೊಬ್ರು ಡಬ್ಬಿ ಖಾಲಿಯಾಗದಂಗೆ ಹೊಸ ಆಯಿಲ್ ಸುರೀತಾ ಇರ್ಲಿ. ಬಾಟಲಿಗೆ ಮೊದಲು ಕಪ್ಪು ಬರತ್ತೆ, ಆಮೇಲೆ ಕಂದು, ಆಮೇಲೆ ಒಂದು ಹಂತದಲ್ಲಿ ಪಟ್ಟಂತ ತಿಳಿ ಬಣ್ಣದ ಎಳೆ ಕಾಣತ್ತೆ, ಅಲ್ಲಿಗೆ ನಿಲ್ಲಿಸಿ. ಡಬ್ಬಿ ತಳದಲ್ಲಿ ಜಾಲರಿ ಫಿಲ್ಟರ್ ಇರೋ ಕಾರಾದ್ರೆ ಅದು ಕಟ್ಕೊಂಡಿದ್ಯಾ ನೋಡಿ, ಬಹಳ ಕಾರಲ್ಲಿ ಅದನ್ನ ಬೇರೆ ಮಾಡಕ್ಕಾಗಲ್ಲ, ಡಬ್ಬಿನೇ ಬದಲಾಯಿಸ್ಬೇಕು.

ಪೈಪ್ ವಾಪಸ್ ಹಾಕಿದ್ಮೇಲೆ ಗಾಳಿ ತೆಗೆಯೋದು. ಇಂಜಿನ್ ಆಫಲ್ಲೇ 15, 20 ಸಲ ಪೂರ್ತಿ ತಿರುಗಿಸಿ, ಲೆವೆಲ್ ಇಳಿದಂಗೆಲ್ಲ ತುಂಬಿ. ಗುಳ್ಳೆ ನಿಂತ ಮೇಲೇ ಸ್ಟಾರ್ಟ್ ಮಾಡೋದು, ಅವಸರ ಮಾಡಿದ್ರೆ ಪಂಪು ಗಾಳಿನ ಆಯಿಲ್ ಜೊತೆ ಕಡೆದು ನೊರೆ ಮಾಡತ್ತೆ, ಆಮೇಲೆ ಅದು ಇಳಿಯೋಕೆ ಗಂಟೆಗಟ್ಟಲೆ ಕಾಯ್ಬೇಕು. ಹಳೇ ಆಯಿಲ್ ಮೋರಿಗೆ ಚೆಲ್ಲಬೇಡಿ, ವೇಸ್ಟ್ ಆಯಿಲ್ ತಗೊಳ್ಳೋ ಕಡೆ ಕೊಡಿ.

ಇನ್ನೊಂದು, ಸ್ಟೀರಿಂಗ್ ಭಾರ ಅಂದ ಕೂಡ್ಲೇ ಹೈಡ್ರಾಲಿಕ್ಸೇ ಕಾರಣ ಅಂದ್ಕೋಬೇಡಿ. ಮೊದಲು ಟೈರ್ ಗಾಳಿ ನೋಡಿ. ಆಮೇಲೆ ಇಂಜಿನ್ ಆಫ್ ಇದ್ದಾಗ ಸ್ಟೀರಿಂಗನ್ನ ಒಂದು ಕಡೆಗೆ ಹಗುರಾಗಿ ಎಳೆದು ಹಿಡಿದು ಸ್ಟಾರ್ಟ್ ಮಾಡಿ, ಕೈ ಕೆಳಗೆ ಅದು ಸಡಿಲ ಆದ್ರೆ ಪಂಪು ಸಹಾಯ ಕೊಡ್ತಿದೆ ಅಂತ ಅರ್ಥ, ಭಾರ ಬೇರೆ ಕಡೆಯಿಂದ ಬರ್ತಿದೆ: ತುಕ್ಕು ಹಿಡಿದ ಸ್ಟೀರಿಂಗ್ ರಾಡಿನ ಜಾಯಿಂಟ್, ಒಣಗಿದ ಬಾಲ್ ಜಾಯಿಂಟ್, ಸಸ್ಪೆನ್ಷನ್ ಮೇಲಿನ ಬೇರಿಂಗ್. ತಿರುವಿನ ಮಧ್ಯೆ ಒಂದೇ ಜಾಗದಲ್ಲಿ ಬಿಗಿಯಾಗಿ ಮತ್ತೆ ಸಡಿಲ ಆಗ್ತಿದ್ರೆ ನಾನು ಆ ರಾಡಿನ ಜಾಯಿಂಟನ್ನೇ ಮೊದಲು ನೋಡ್ತೀನಿ. ಇಳಿಜಾರಲ್ಲಿ ಇಂಜಿನ್ ಆಫ್ ಮಾಡಿ ಗಾಡಿ ಬಿಡೋ ಅಭ್ಯಾಸ ಯಾರಿಗಾದ್ರೂ ಇದ್ರೆ ಇವತ್ತೇ ಬಿಡಿ, ಪಂಪು ನಿಂತ್ರೂ ಸ್ಟೀರಿಂಗ್ ತಿರುಗತ್ತೆ ನಿಜ, ಆದ್ರೆ ಆ ಭಾರ ಕೈಗೆ ಗೊತ್ತಾಗೋ ಹೊತ್ತಿಗೆ ತಿರುವು ಬಂದಿರತ್ತೆ.

ಆಯಿಲ್ ಬದಲಾಯಿಸಿದ ದಿನ ನಾನು ಡಬ್ಬಿ ಪಕ್ಕದಲ್ಲಿ ಒಂದು ಟೇಪ್ ತುಂಡು ಅಂಟಿಸಿ ತಾರೀಕು, ಕಿಲೋಮೀಟರ್, ಆಯಿಲ್ ಹೆಸರು ಬರೀತೀನಿ. ಎರಡು ದಿನ ಬಿಟ್ಟು ಇಂಜಿನ್ ತಣ್ಣಗಿರೋವಾಗ ಲೆವೆಲ್ ಮತ್ತೆ ನೋಡ್ತೀನಿ, ಬಿಚ್ಚಿ ಹಾಕಿದ ಎರಡು ಕ್ಲಿಪ್ಪಿನ ಕೆಳಗೆ ಬಿಳಿ ಬಟ್ಟೆ ಒತ್ತಿ ತೆಗೀತೀನಿ, ಬಟ್ಟೆ ಒಣಗೇ ಇದ್ರೆ ಬಾನೆಟ್ ಮುಚ್ಚೋದು.